ಎದ್ದು ಹೋದವಳ ಜಾಗ

ತುರ್ವಿಹಾಳದ ಸೂಗಮ್ಮನಿಗೆ ಸಹಿ ಮಾಡಲು ಬರುವುದಿಲ್ಲ. ಆದರೆ ಕಾಲುವೆಗೆ ನೀರು ಬಿಟ್ಟರೆಂದರೆ ಗದ್ದೆಯ ಯಜಮಾನರು ಮೊದಲು ಬರುವುದು ಅವಳ ಮನೆ ಬಾಗಿಲಿಗೆ. ನಾಟಿ ಹಚ್ಚುವ ಹೆಂಗಸರ ಗುಂಪು ಅವಳದು. ಯಾವ ಗದ್ದೆಗೆ ಯಾವತ್ತು ಇಳಿಯಬೇಕು, ಯಾರು ಎಲ್ಲಿ ನಿಲ್ಲಬೇಕು, ಅವಳೇ ಹೇಳಬೇಕು. ಅವಳು ಹೇಳಿದ ಮೇಲೆ ಮುಗಿಯಿತು.

ಗುಂಪಿನಲ್ಲಿ ಒಂದು ಕಟ್ಟಳೆ ಇದೆ. ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಾರೆ. ಒಬ್ಬಳು ಕೂಸಿಗೆ ಹಾಲು ಕುಡಿಸಲು ಬದುವಿಗೆ ಹೋದಳೆನ್ನಿ. ಅವಳ ಪಾಲಿನ ನೆಲ ಖಾಲಿ ಬೀಳಬಾರದು. ಬೇರೆಯವಳು ಬಂದು ಅಲ್ಲಿ ನಿಲ್ಲಲೂ ಬಾರದು. ಎಡಬಲದ ಇಬ್ಬರು ಕೈ ಚಾಚಿ ಅವಳ ಪಾಲನ್ನೂ ಊರುತ್ತಾರೆ. ತಿರುಗಿ ಬಂದವಳು ತನ್ನ ಜಾಗದಲ್ಲೇ ಬಗ್ಗುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ.

ಗಂಡ ಬಸ್ಸಪ್ಪ ಸತ್ತಾಗ ಸೂಗಮ್ಮ ಒಂದು ಹಂಗಾಮು ಪೂರ್ತಿ ಗದ್ದೆಗೆ ಇಳಿಯಲಿಲ್ಲ. ಅಂಗಳದಲ್ಲಿ ಕೂತಿರುತ್ತಿದ್ದಳು. ಮುಂದೆ ಇಟ್ಟರೆ ಉಣ್ಣುವಳು, ಇಡದಿದ್ದರೆ ಇಲ್ಲ. ಅವನ ಟವೆಲ್ಲು ಗೂಟಕ್ಕೆ ನೇತಾಡುತ್ತಿತ್ತು. ಯಾರಿಗೂ ತೆಗೆಯಲು ಬಿಡಲಿಲ್ಲ. ಕೊನೆಗೊಂದು ದಿನ ತಾನೇ ಎದ್ದು ಗದ್ದೆಗೆ ಹೋದಳು. ಸಾಲಿನ ಬಲತುದಿ ಅವಳು ಯಾವಾಗಲೂ ನಿಲ್ಲುವ ಜಾಗ. ಅದು ಖಾಲಿ ಇತ್ತು. ಹಂಗಾಮೆಲ್ಲ ಹಾಗೇ ಇಟ್ಟಿದ್ದರು. ಪಕ್ಕದಲ್ಲಿ ನಿಲ್ಲುವ ಸೊಸೆ ಮಹಾಲಕ್ಷ್ಮಿ ಕೈ ಚಾಚಿ ಚಾಚಿ ಅತ್ತೆಯ ಪಾಲನ್ನೂ ಊರಿದ್ದಳು. ಸೂಗಮ್ಮ ಸೀರೆ ಎತ್ತಿ ಕಟ್ಟಿ ಬಗ್ಗಿದಳು. ಕೆಸರಿಗೆ ಮುಖ ಮಾಡಿದವಳು ಅತ್ತಳೋ ಇಲ್ಲವೋ, ಯಾರಿಗೂ ಕಾಣಲಿಲ್ಲ.

ಆ ಮಹಾಲಕ್ಷ್ಮಿ ಈಗ ಬಸುರಿ. ಮೂರನೆಯ ತಿಂಗಳು. ಹೋದ ಸಲದ ಬಸುರು ನಿಂತಿರಲಿಲ್ಲ. ಈ ಸಲವೂ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ಊರಿನ ಡಾಕ್ಟರಮ್ಮ ಚೀಟಿ ಬರೆದಳು. “ಕೂಸಿನ ಎದಿ ಬಡಿತ ಐತೋ ಇಲ್ಲೋ ಸ್ಕ್ಯಾನಿಂಗ್‌ದಾಗ ನೋಡಬೇಕ್ರಿ. ತಡಾ ಮಾಡಬ್ಯಾಡ್ರಿ,” ಅಂದಳು.

ಮಗ ಗಾದಿಲಿಂಗ ಖಾಸಗಿ ದವಾಖಾನೆಗೆ ಹೋಗೋಣ ಅಂದ. ಬಸ್ಸಪ್ಪನಿಗೆ ಜಡ್ಡಾದಾಗ ಖಾಸಗಿಯವರಿಗೆ ಸುರಿಯಲು ಎತ್ತುಗಳನ್ನು ಮಾರಿದ್ದರು. ಅವನೂ ಉಳಿದಿರಲಿಲ್ಲ.

“ಸರ್ಕಾರದ್ದು ಮಿಷನ್ ಐತಿ, ನಮ್ದ ಅದು,” ಅಂದಳು ಸೂಗಮ್ಮ. “ನಾ ಕರಕೊಂಡು ಹೋಗ್ತೀನಿ. ನೀ ಕೆಲಸಕ್ಕ ಹೋಗು.”

ಪೇಟೆಯ ಸರ್ಕಾರಿ ದವಾಖಾನೆಗೆ ಸ್ಕ್ಯಾನಿಂಗ್ ಡಾಕ್ಟರು ಬರುವುದು ವಾರಕ್ಕೊಮ್ಮೆ. ಮಧ್ಯಾಹ್ನವಾದರೆ ಮುಂದಿನ ಊರಿಗೆ ಹೊರಡುತ್ತಾರೆ. ಅತ್ತೆ ಸೊಸೆ ಮೊದಲ ಬಸ್ಸು ಹತ್ತಿದರು. ದಾರಿಯಲ್ಲಿ ಮಹಾಲಕ್ಷ್ಮಿ ಬಾಟಲಿಗೆ ಕೈ ಹಾಕಿದಳು.

“ಕುಡಿಬ್ಯಾಡಬೇ. ಪಾಳ್ಯಾಗ ಕುಂತಾಗ ಉಚ್ಚಿ ಬಂದ್ರ ಎಲ್ಲಿಗೆ ಹೋಗ್ತಿ? ಜಾಗಾ ಹೋಕ್ಕೈತಿ.”

ಗದ್ದೆಯ ಹೆಂಗಸರ ರೂಢಿ ಅದು. ಕಾಲುವೆ ಕೆಳಗೆಲ್ಲ ಬಟಾಬಯಲು, ಒಂದು ಗಿಡದ ಮರೆ ಇಲ್ಲ. ಕೆಲಸಕ್ಕೆ ಹೋಗುವ ಬೆಳಿಗ್ಗೆ ಗಂಟಲು ಒಣಗಿಸಿಕೊಂಡೇ ಹೋಗಬೇಕು. ಮಹಾಲಕ್ಷ್ಮಿ ಬಾಟಲಿ ಒಳಗಿಟ್ಟಳು.

ದವಾಖಾನೆಯ ಪಡಸಾಲೆ ತುಂಬಿತ್ತು. ಮಸ್ಕಿ ಕಡೆಯವರು, ಲಿಂಗಸುಗೂರು ಕಡೆಯವರು, ಹೊಟ್ಟೆ ಹೊತ್ತವರು, ಹೊಟ್ಟೆ ಇನ್ನೂ ಕಾಣದವರು. ಇವರ ಹಿಂದೆ ಸಂತೆಕಲ್ಲೂರಿನ ಮಕ್ತುಂಬೀ, ಮಗಳು ಫಿರ್ದೋಸ್‌ಳನ್ನು ಕರೆತಂದಿದ್ದಳು. ಅವರ ಹಿಂದೆ ಮಸ್ಕಿ ಕಡೆಯ ಯಂಕಮ್ಮ, ಮಗಳು ದುರ್ಗಾದೇವಿ.

ಹೊತ್ತು ಏರಿದ ಮೇಲೆ ಮಹಾಲಕ್ಷ್ಮಿಯ ಪಾಳಿ ಬಂತು. ಒಳಗೆ ಹೋದವಳು ಹೋದಷ್ಟೇ ಬೇಗ ಹೊರಗೆ ಬಂದಳು. ಮುಖ ಸಣ್ಣದಾಗಿತ್ತು.

“ಏನಂದ್ರು?”

“ಏನೂ ಕಾಣಲಿಲ್ಲಂತ ಅತ್ತಿ. ನೀರು ಕುಡಿದು, ಉಚ್ಚಿ ಚೀಲ ತುಂಬಿಸಿಕೊಂಡು ಬರಬೇಕಂತ. ಅಂದ್ರ ಕೂಸು ಕಾಣ್ತೈತಂತ.”

ಬಾಗಿಲಲ್ಲಿ ನಿಂತು ಹೆಸರು ಕರೆಯುವ ನರ್ಸು ಭಾರತಿ, “ನೀರು ಕುಡಿದು ಕಡೀಕ ಹೋಗಿ ಕುಂದರ್ರಿ. ಮುಂದಿನವ್ರು, ಫಿರ್ದೋಸ್!” ಅಂದಳು.

ಸೂಗಮ್ಮ ಸಾಲಿನ ಕಡೆಯತ್ತ ನೋಡಿದಳು. ಅದು ಪಡಸಾಲೆ ದಾಟಿ ಬೇವಿನ ಗಿಡದ ತನಕ ಹೋಗಿತ್ತು. ಅಲ್ಲಿ ಕೂತರೆ ಇವತ್ತು ಆಗುವುದಲ್ಲ. ಇನ್ನೊಂದು ವಾರ. ಅಷ್ಟರೊಳಗೆ ಏನಾದರೂ ಆಗಬಹುದು.

“ತಪ್ಪು ನಂದು. ಕುಡಿ,” ಅಂದು ಬಾಟಲಿ ಕೊಟ್ಟಳು. ಆಮೇಲೆ ನಿಂತು ಸಾಲನ್ನು ನೋಡತೊಡಗಿದಳು, ಗದ್ದೆಯ ಬದುವಿನ ಮೇಲೆ ನಿಂತು ನೋಡುವ ಹಾಗೆ.

ನೋಡಿದರೆ ಕಷ್ಟ ಅವಳ ಸೊಸೆಯೊಬ್ಬಳದೇ ಅಲ್ಲ. ಬೆಳಿಗ್ಗೆಯೇ ನೀರು ಕುಡಿದವರು ಕಾಲಿಗೆ ಕಾಲು ಹೆಣೆದು, ತುಟಿ ಕಚ್ಚಿ ಕೂತಿದ್ದರು. ಎದ್ದು ಹೋದರೆ ಪಾಳಿ ಹೋಯಿತು. ಕುಡಿಯದವರು ಒಳಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಡಾಕ್ಟರ ಹೊತ್ತೂ ಹಾಳು, ಇವರ ಪಾಳಿಯೂ ಹಾಳು.

“ಎಲ್ಲಾರೂ ಕೇಳ್ರಿಲ್ಲೆ,” ಅಂದಳು. ನಾಲ್ಕು ಗದ್ದೆ ಆಚೆಗೆ ಕೇಳುವ ಗಂಟಲು. “ನಿಮ್ಮ ಹಿಂದ ಯಾರು, ಮುಂದ ಯಾರು, ಮಾರಿ ನೋಡಿ ಇಟ್ಟುಕೊಳ್ರಿ. ಎದ್ದು ಹೋಗೂ ಕೆಲಸ ಬಂದ್ರ ಹೋಗ್ರಿ. ಜಾಗಾ ಅವ್ರಿಬ್ರು ಕಾಯ್ತಾರ. ತುಂಬಿದಾಕಿ ಮೊದಲ ಹೋಗ್ಲಿ. ಖಾಲಿ ಇದ್ದಾಕಿ ಕುಡಿದು, ತುಂಬಿದ ಮ್ಯಾಲ ತನ್ನ ಜಾಗಕ್ಕ ಬರ್ಲಿ.”

ಯಂಕಮ್ಮ ನಕ್ಕಳು. “ತನ್ನ ಸೊಸಿ ಪಾಳಿ ಹೋತಂತ ಈಗ ಕಾನೂನು ತಂದಾಳ ನೋಡ್ರಿ!”

“ಹೌದು. ಅದಕ್ಕ ತಂದೀನಿ. ನಿನ್ನ ಮಗಳಿಗೂ ಬರ್ತೈತಿ.”

“ಹಣಿ ಬರಿದಾದಾಕಿ ಬಸುರೇರ ಮುಂದ ನಿಂತು ಹುಕುಂ ಮಾಡ್ತಾಳ...”

ಸೂಗಮ್ಮನ ಕೈ ಹಣೆಯ ಹತ್ತಿರ ಹೋಗಿ ಇಳಿಯಿತು.

“ನನ್ನ ಹಣಿ ನೋಡಬ್ಯಾಡವಾ. ನಿನ್ನ ಮಗಳ ಮಾರಿ ನೋಡು.”

ದುರ್ಗಾದೇವಿಯ ಮುಖ ಬೆವೆತಿತ್ತು. ಎಷ್ಟೋ ಹೊತ್ತಿನಿಂದ ತಡೆದು ಕೂತ ಹುಡುಗಿ. “ಯವ್ವಾ, ಇನ್ನ ಆಗಂಗಿಲ್ಲ,” ಅಂದವಳೇ ಸೆರಗು ಹಿಡಿದು ಪಾಯಖಾನೆಯ ಕಡೆಗೆ ಓಡಿದಳು. ಅದೇ ಗಳಿಗೆಗೆ ಫಿರ್ದೋಸ್ ಹೊರಗೆ ಬಂದಳು.

“ದುರ್ಗಾದೇವಿ!” ಭಾರತಿ ಕೂಗಿದಳು. “ದುರ್ಗಾದೇವಿ ಇಲ್ಲೇನು? ಕಡೀಕ ಹಾಕ್ತೀನಿ.”

ಯಂಕಮ್ಮ ಎದ್ದು ಪಾಯಖಾನೆಯ ಕಡೆ ನೋಡಿದಳು.

“ಅದಾಳ,” ಅಂದಳು ಸೂಗಮ್ಮ.

“ಎಲ್ಲಿ?”

“ಹೊರಗ ಹೋಗ್ಯಾಳ. ಜಾಗಾ ಇಲ್ಲೇ ಐತಿ. ಯಮ್ಮಾ, ನಿಮಗ ತುಂಬಿದ ಹೊಟ್ಟಿ ಬೇಕು, ಹೌದಿಲ್ಲ? ಒಬ್ಬಾಕಿ ಹೊರಗ ಬರೂದ್ರಾಗ ಇನ್ನೊಬ್ಬಾಕಿನ್ನ ಬಾಗಿಲದಾಗ ನಿಂದ್ರಸ್ತೀನಿ. ಖಾಲಿ ಇದ್ದಾಕಿ ಒಬ್ಬಾಕಿನೂ ಒಳಗ ಬರಂಗಿಲ್ಲ.”

“ನೀ ಯಾರು ನಿಂದ್ರಸಾಕ?”

“ನಾಟಿ ಗುಂಪಿನಾಕಿ. ಸಾಲು ನಡಸೂದ ನನ್ನ ಕೆಲಸ.”

ಒಳಗಿನಿಂದ ಡಾಕ್ಟರು “ಮುಂದಿನವ್ರು!” ಅಂದರು. ಭಾರತಿಗೆ ಬೆಳಿಗ್ಗೆಯಿಂದ ಕೂಗಿ ಗಂಟಲು ಹೋಗಿತ್ತು. “ಕಳಸು ಹಂಗಾರ. ಜಗಳ ಬಂತಂದ್ರ ನಿನ್ನ ಗೇಟಿನ ಹೊರಗ ಹಾಕಿಸ್ತೀನಿ.”

“ಹಾಕಸ್ರಿ.”

ಆಮೇಲೆ ಸಾಲು ನಡೆಯಿತು. ಸೂಗಮ್ಮ ಒಬ್ಬೊಬ್ಬಳ ಹತ್ತಿರ ಬಗ್ಗಿ “ತುಂಬೈತಾ?” ಅಂತ ಕೇಳುವಳು. ಹೌದೆಂದವಳನ್ನು ತೋಳು ಹಿಡಿದು ಎಬ್ಬಿಸುವಳು. ಮಕ್ತುಂಬೀ ತನ್ನ ಮಗಳ ಕೆಲಸ ಮುಗಿದಿದ್ದರೂ ಮನೆಗೆ ಹೋಗದೆ ನಳದಿಂದ ನೀರು ತಂದು ಹಂಚಿದಳು. ಬೆಳಿಗ್ಗೆ ತಿರುಗಿ ಕಳಿಸಿದ್ದ ಇಬ್ಬರು ಬೇವಿನ ಗಿಡದ ಕೆಳಗಿನಿಂದ ಎದ್ದು ಬಂದು ತಮ್ಮ ಹಳೆಯ ಜಾಗದಲ್ಲಿ ಕೂತರು. ದುರ್ಗಾದೇವಿಯೂ ತಿರುಗಿ ಬಂದು, ಮತ್ತೆ ಕುಡಿದು, ತನ್ನ ಹೊತ್ತಿಗೆ ಒಳಗೆ ಹೋಗಿ ಬಂದಳು. ಯಂಕಮ್ಮ ಬಾಟಲಿಯ ಮುಚ್ಚಳ ತೆಗೆದು ಮಹಾಲಕ್ಷ್ಮಿಯ ಕೈಗೆ ಕೊಟ್ಟಳು.

ಆದರೆ ಮಹಾಲಕ್ಷ್ಮಿಗೆ ತುಂಬಲೇ ಒಲ್ಲದು. ಬಾಟಲಿ ಮೇಲೆ ಬಾಟಲಿ ಕುಡಿದಳು.

“ತುಂಬೈತಾ?”

“ಇನ್ನೂ ಇಲ್ಲ ಅತ್ತಿ.”

“ಕಾಲುವಿ ಕಡೀ ಹೊಲ ಐತಿ ತಗಾ ನಿನ್ನ ಸೊಸಿ,” ಅಂದಳು ಮಕ್ತುಂಬೀ. “ಎಷ್ಟು ಬಿಟ್ರೂ ನೀರು ಏರವಲ್ದು.”

ಎಲ್ಲರೂ ನಕ್ಕರು. ಸೂಗಮ್ಮ ನಗಲಿಲ್ಲ. ಡಾಕ್ಟರ ಗಾಡಿ ಗೇಟಿನ ಹತ್ತಿರ ಬಂದು ನಿಂತಿತ್ತು.

ಮಹಾಲಕ್ಷ್ಮಿ ಅವಳ ಮೊಣಕೈ ಹಿಡಿದಳು. “ಈಗ ಅತ್ತಿ. ಜಲ್ದಿ.”

ಬಾಗಿಲ ಹತ್ತಿರ ನಿಂತಿದ್ದ ಹೆಂಗಸು ತಾನೇ ಸರಿದಳು. ಮಹಾಲಕ್ಷ್ಮಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ಸೂಗಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬಸ್ಸಪ್ಪ ಇದ್ದಿದ್ದರೆ ಗೇಟಿನ ಹೊರಗೆ ಬೀಡಿ ಸೇದುತ್ತ, ಗಳಿಗೆಗೊಮ್ಮೆ “ಆತೇನು?” ಅಂತ ಇಣುಕುತ್ತಿದ್ದ. ಸೂಗಮ್ಮ ಗೇಟಿನ ಕಡೆ ನೋಡಲಿಲ್ಲ.

ಬಾಗಿಲು ತೆರೆಯಿತು. ಮಹಾಲಕ್ಷ್ಮಿ ಬಂದಳು. ಅತ್ತೆಯ ಮುಖ ನೋಡಲಿಲ್ಲ, ನಿಲ್ಲಲಿಲ್ಲ. ನೆರಿಗೆ ಎತ್ತಿಕೊಂಡು ನೆಟ್ಟಗೆ ಪಾಯಖಾನೆಗೆ ಓಡಿದಳು.

ಪಡಸಾಲೆಯ ಹೆಂಗಸರೆಲ್ಲ ಸೂಗಮ್ಮನನ್ನು ನೋಡಿದರು. ಸೂಗಮ್ಮ ಪಾಯಖಾನೆಯ ಕದ ನೋಡಿದಳು.

ಕದದ ಒಳಗಿನಿಂದಲೇ ಕೂಗು ಬಂತು. “ಐತಿ ಅತ್ತೀ! ಬಡಿಯಾಕತ್ತೈತಿ! ತೋರಿಸಿದ್ರು!”

ನಗೆ ಬೇವಿನ ಗಿಡದ ತನಕ ಹೋಯಿತು. ಸೂಗಮ್ಮ ಇದ್ದಲ್ಲೇ ಕುಸಿದು ಕೂತಳು. ಯಂಕಮ್ಮ ಬಂದು ಪಕ್ಕದಲ್ಲಿ ಕೂತು, “ನೀನೂ ಒಂದ್ಗುಟುಕು ಕುಡಿಯಕ್ಕ. ಮುಂಜಾನಿಂದ ಕುಡಿದಿಲ್ಲ,” ಅಂದಳು. ಸೂಗಮ್ಮ ಅರ್ಧ ಬಾಟಲಿ ಕುಡಿದಳು. ಉಳಿದುದರಲ್ಲಿ ಮುಖ ತೊಳೆದುಕೊಂಡಳು.

ಭಾರವಾದ ಕೆಲಸ ಬೇಡ, ಬಗ್ಗುವುದು ಬೇಡ ಅಂದಿದ್ದರು ಡಾಕ್ಟರು. ಆ ಹಂಗಾಮಿಗೆ ಮಹಾಲಕ್ಷ್ಮಿ ಗದ್ದೆಗೆ ಬರಲಿಲ್ಲ. ವಳಕಮದಿನ್ನಿಯಿಂದ ಹೊಸದಾಗಿ ಸೇರಿದ ಒಬ್ಬಳು ಸೂಗಮ್ಮನ ಎಡಕ್ಕೆ ಖಾಲಿ ಕಂಡಲ್ಲಿ ಇಳಿದು ಬಗ್ಗಲು ಹೋದಳು.

“ಅಲ್ಲಿ ಬ್ಯಾಡ. ಆಕಡಿ ತುದಿಗಿ ಹೋಗು.”

“ಇಲ್ಲಿ ಯಾರೂ ಇಲ್ಲಲ್ಲಬೇ?”

“ಅದಾಳ,” ಅಂದಳು ಸೂಗಮ್ಮ. ಕೈ ಚಾಚಿ, ಖಾಲಿ ಜಾಗದಲ್ಲಿ ಸಸಿ ಊರಿದಳು.