ಅಪ್ಪನ ಚಪ್ಪಾಳೆ

ಸವಣೂರಿನ ನಾವು ನಾಲ್ಕಾರು ಕ್ರೈಸ್ತ ಮನೆಯವರು ಪ್ರತಿ ಶುಕ್ರವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ವೀಳ್ಯದೆಲೆ ತೋಟದಲ್ಲಿ ದುಡಿಯುತ್ತಿದ್ದ ಅಪ್ಪ ಅಲ್ಲಿ ಹಾಡಿಗೆ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಒಂದು ದಿನವೂ ತಾಳಕ್ಕೆ ಸರಿಯಾಗಿ ತಟ್ಟಿದವನಲ್ಲ. ಢೋಲಕ್ ಬಾರಿಸುವವರು ಲಯ ತಪ್ಪುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು. ಒಮ್ಮೆ ನಾನು ರೇಗಿದ್ದಕ್ಕೆ, "ದೇವ್ರು ತಾಳ ನೋಡ್ತಾನೇನಲೇ?" ಎಂದಿದ್ದ.

ಅವನು ತೀರಿಕೊಂಡ ಎರಡನೆಯ ವಾರವೇ ನಮ್ಮ ಮನೆಯ ಸರದಿ ಬಂತು. "ಈ ಸಲ ಬ್ಯಾಡ ಬಿಡ್ರಿ" ಎಂದು ಸಭೆಯ ಹಿರಿಯರು ಅಂದರು. ಅವ್ವ ಕೇಳಲಿಲ್ಲ. ಚಾಪೆ ಹಾಸಿ, ಚುರುಮುರಿಗೆ ಒಗ್ಗರಣೆ ಹಾಕಿದಳು. ಸಾವಿನ ಮನೆಯಲ್ಲಿ ಇದೆಂಥ ಸಡಗರವೆಂದು ನನಗೆ ಸಿಟ್ಟು ಬಂತು.

ಹಾಡು ಶುರುವಾಯಿತು. ನಮ್ಮ ಮನೆಯಲ್ಲಿ ಮೊದಲ ಸಲ ತಾಳ ಎಲ್ಲಿಯೂ ತಪ್ಪಲಿಲ್ಲ. ಅದೇ ಎಲ್ಲರನ್ನೂ ಚುಚ್ಚಿರಬೇಕು, ದನಿಗಳು ಒಂದೊಂದಾಗಿ ಇಳಿದವು. ಆಗ ಅವ್ವ ಚಪ್ಪಾಳೆ ತಟ್ಟತೊಡಗಿದಳು, ಥೇಟ್ ಅಪ್ಪನ ಹಾಗೆ, ತಪ್ಪಾಗಿ. ಢೋಲಕ್ಕಿನವರು ತಡವರಿಸಿ ನಕ್ಕುಬಿಟ್ಟರು. ಕಣ್ಣೀರು ಇಳಿಯುತ್ತಿದ್ದರೂ ಅವ್ವ ನಗುತ್ತಿದ್ದಳು. "ಅವ್ರು ಅಲ್ಲಿ ಹಿಂಗ ತಟ್ಟಾಕತ್ತಾರ. ಹಾಡ್ರಿ" ಎಂದಳು.

ಅಪ್ಪ ಅಲ್ಲಿ ತಟ್ಟುತ್ತಿದ್ದಾನೋ ಇಲ್ಲವೋ ನಾನು ಹೇಳಲಾರೆ. ಈಗಲೂ ಶುಕ್ರವಾರ ನನ್ನ ಕೈ ತಾಳಕ್ಕೆ ಸರಿಯಾಗಿ ಬಿದ್ದರೆ, ಅವ್ವ ತಪ್ಪು ಮಾಡಿದವನನ್ನು ನೋಡುವಂತೆ ತಿರುಗಿ ನೋಡುತ್ತಾಳೆ.