ರಾಡು ತಮ್ಮನಿಗೆ, ಮಿಗ್ ಅಣ್ಣನಿಗೆ

ಅಡವಿಯಪ್ಪನ ಜೊತೆ ಮದುವೆಗೆ ಹೋಗಬಾರದು. ಎಲ್ಲರೂ ಹೆಣ್ಣು ಗಂಡನ್ನು ನೋಡುತ್ತಿದ್ದರೆ ಇವನು ಬಗ್ಗಿ, ತಾನು ಕೂತ ಕುರ್ಚಿಯ ಅಡಿಗೆ ಕೈ ಹಾಕಿ ವೆಲ್ಡಿಂಗ್ ಸವರಿ ನೋಡುತ್ತಾನೆ. ಸಾವಿನ ಮನೆಯಲ್ಲೂ ಅಷ್ಟೆ. ಕಿಟಕಿಯ ಸರಳು ಮುಟ್ಟಿ, ಯಾವನು ಮಾಡಿದ್ದು ಇದನ್ನು ಎಂದು ಗೊಣಗುತ್ತಾನೆ. ಗುಬ್ಬಿಯಲ್ಲಿ ಅವನ ಬಾಯಿಂದ ಹೊಗಳಿಸಿಕೊಂಡ ಗೇಟು ಒಂದೂ ಇಲ್ಲ, ಅವನೇ ಮಾಡಿದ್ದೂ ಸೇರಿ.

ನಮ್ಮದು ಪಕ್ಕದ ಮನೆ. ಅವನ ಹಿತ್ತಲ ಶೆಡ್ಡಿನಲ್ಲಿ ಕೆಲಸ ಶುರುವಾದರೆ ನಮ್ಮ ಬಲ್ಬು ಮಂಕಾಗುತ್ತದೆ, ನಾನು ಬೈಯುತ್ತೇನೆ, ಅವನು ಕೇಳಿಸಿಕೊಳ್ಳುವುದಿಲ್ಲ. ಅವರಪ್ಪ ತೀರಿಕೊಂಡಾಗ ಅಡವಿಯಪ್ಪನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಕುಣಿಗಲ್ ಬಸ್ ಸ್ಟಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ, ಕಡ್ಡಿ ಕೈಯಲ್ಲೇ ಹಿಡಿದು ಬೆಸೆಯುವ ರಾಡ್ ವೆಲ್ಡಿಂಗ್ ಕಲಿತು, ಅದರಲ್ಲೇ ತಮ್ಮ ನಾಗೇಶನನ್ನು ಐಟಿಐ ಓದಿಸಿದ. ನಾಗೇಶ ತುಮಕೂರಿನ ಕಾರ್ಖಾನೆ ಸೇರಿ ಮಿಗ್ ವೆಲ್ಡಿಂಗ್‌ನಲ್ಲಿ ಪಳಗಿದ. ಮಿಗ್ ಎಂದರೆ ತೆಳುವಾದ ತಂತಿ ಮೆಷಿನ್ನಿನಿಂದ ತಾನಾಗಿಯೇ ಬರುತ್ತದೆ, ತಗಡಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು. ದಪ್ಪ ಕಬ್ಬಿಣಕ್ಕೆ ರಾಡೇ ಆಗಬೇಕು. ಅಣ್ಣನಿಗೆ ಮಿಗ್ ಬಾರದು, ತಮ್ಮನಿಗೆ ರಾಡು ಬಾರದು. ಇದೊಂದು ನೆನಪಿರಲಿ.

ಕಳೆದ ವರ್ಷ ನಾಗೇಶ ಕಾರ್ಖಾನೆ ಬಿಟ್ಟು ಬಂದ. ಇಬ್ಬರೂ ಸೇರಿ ಆನ್‌ಲೈನಿನಲ್ಲಿ ಒಂದು ಅಗ್ಗದ ಮೆಷಿನ್ ತರಿಸಿದರು. ಒಂದೇ ಡಬ್ಬದಲ್ಲಿ ರಾಡು, ಮಿಗ್, ಟಿಗ್ ಮೂರು ಬಗೆಯ ವೆಲ್ಡಿಂಗೂ ಇವೆ, ಗುಂಡಿ ತಿರುಗಿಸಿದರೆ ಬೇಕಾದದ್ದು ಬರುತ್ತದೆ. ಟ್ರಯಲ್ ನೋಡುವ ದಿನ ನನ್ನನ್ನೂ ಕರೆದಿದ್ದರು. ಎರಡು ಕಬ್ಬಿಣದ ಪಟ್ಟಿ ಜೋಡಿಸಿ ಅರ್ಧ ಅಣ್ಣ ರಾಡಿನಲ್ಲಿ, ಅರ್ಧ ತಮ್ಮ ಮಿಗ್‌ನಲ್ಲಿ ಬೆಸೆದರು. ಆಮೇಲೆ ಸುತ್ತಿಗೆಯಲ್ಲಿ ಬಾರಿಸಿದರು. ಬಿರುಕು ಬಿಟ್ಟಿದ್ದು ಸರಿಯಾಗಿ ಮಧ್ಯದಲ್ಲಿ, ಎರಡು ಬೆಸುಗೆ ಸೇರಿದ ಜಾಗದಲ್ಲಿ. ಬಿಟ್ಟಿದ್ದು ನಿಂದು ಎಂದ ಅಣ್ಣ. ನಿಂದು ಎಂದ ತಮ್ಮ. ಅಂದು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಮಾತು ನಿಂತಿತು. ಕೊನೆಗೆ ಪಾಲಾಗುವುದೇ ಸರಿ ಎಂದು ತೀರ್ಮಾನವಾಯಿತು. ಮನೆಯಲ್ಲ, ತೆಂಗಿನ ಮರಗಳೂ ಅಲ್ಲ, ಮೆಷಿನ್ ಮಾತ್ರ.

ಕಡಬದಿಂದ ಸೋದರಮಾವ ಪುಟ್ಟರಂಗಯ್ಯ ಬಂದರು. ನಮ್ಮ ಕಡೆ ದೊಡ್ಡವನು ಪಾಲಿನ ಗುಡ್ಡೆ ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಆಗ ಯಾರೂ ಮೋಸ ಮಾಡಲಾಗದು. ಡಬ್ಬವನ್ನು ಕುಯ್ದರೆ ಇಬ್ಬರಿಗೂ ಇಲ್ಲ. ಅದಕ್ಕೇ ಅಡವಿಯಪ್ಪ ಚಾಪೆಯ ಈ ಕಡೆ ರಾಡಿನ ಕಟ್ಟು, ಆ ಕಡೆ ಗ್ಯಾಸ್ ಬೇಡದ ಮಿಗ್ ತಂತಿಯ ಸುರುಳಿ ಇಟ್ಟ. ಟಿಗ್‌ಗೆ ಗ್ಯಾಸ್ ಸಿಲಿಂಡರ್ ಬೇಕು, ಅದು ಇಬ್ಬರ ಹತ್ತಿರವೂ ಇರಲಿಲ್ಲ. ಹಾಗಾಗಿ ಪುಟ್ಟರಂಗಯ್ಯ ಟಿಗ್ ಅನ್ನು ಮನೆದೇವರ ಪಾಲಿಗೆ ಬಿಟ್ಟು, ಗುಂಡಿಯ ಆ ಗುರುತಿಗೆ ಕುಂಕುಮ ಹಚ್ಚಿದರು. ಯಾರೂ ನಗಲಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡೆ.

ತಂತಿ ಎತ್ತಿಕೊಳ್ಳುತ್ತಾನೆಂದು ಎಲ್ಲರೂ ಅಂದುಕೊಂಡಿದ್ದ ನಾಗೇಶ ಬಗ್ಗಿ ರಾಡಿನ ಕಟ್ಟು ಎತ್ತಿಕೊಂಡ.

ಅಡವಿಯಪ್ಪನ ಮುಖ ನೋಡಲಾಗಲಿಲ್ಲ. ಪುಟ್ಟರಂಗಯ್ಯ ಮಾತ್ರ ಪದ್ಧತಿ ಪದ್ಧತಿಯೇ ಎಂದರು. ಬೆಳಗ್ಗೆ ನಾಗೇಶನ ರಾಡು, ಮಧ್ಯಾಹ್ನ ಅಡವಿಯಪ್ಪನ ಮಿಗ್, ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ ಎಂದು ಹೇಳಿ, ಕಾಫಿ ಕುಡಿದು ಬಸ್ಸು ಹತ್ತಿದರು.

ಇವರ ಪಾಲಿನ ನಡುವೆ ಸಿಕ್ಕಿಬಿದ್ದಿದ್ದು ನಾನು ಮಾಡಲು ಕೊಟ್ಟಿದ್ದ ನನ್ನ ಗೇಟು. ಅದರ ಚೌಕಟ್ಟು ದಪ್ಪ, ಮೇಲೆ ತಗಡು. ಬೆಳಗ್ಗೆ ನಾಗೇಶ ಚೌಕಟ್ಟಿಗೆ ರಾಡು ತಗಲಿಸಿದರೆ ಅದು ಅಲ್ಲೇ ಅಂಟಿಕೊಳ್ಳುತ್ತಿತ್ತು. ಕಿತ್ತರೆ ಗೇಟೇ ಎದ್ದು ಬರುತ್ತಿತ್ತು. ಮಧ್ಯಾಹ್ನ ಅಡವಿಯಪ್ಪ ಮಿಗ್ ಹಿಡಿದರೆ ತಗಡು ಸುಟ್ಟು ಇಡ್ಲಿ ತಟ್ಟೆಯ ಹಾಗೆ ತೂತು ಬೀಳುತ್ತಿತ್ತು. ಬದಲಾಯಿಸಿಕೊಳ್ಳಿ ಎಂದರೆ ಇಬ್ಬರಿಗೂ ಕಿವುಡು. ಗೇಟಿಲ್ಲದ ನಮ್ಮ ಅಂಗಳಕ್ಕೆ ಬೀದಿ ಹಸುಗಳೆಲ್ಲ ನುಗ್ಗಿ ನನ್ನ ಕನಕಾಂಬರ ಮುಗಿಸಿದವು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬೆಳಗ್ಗೆಯಾದರೆ ಶೆಡ್ಡಿನ ಹೊರಗಿನ ಮೆಟ್ಟಿಲ ಮೇಲೆ ಕೂತು, ತಮ್ಮನ ರಾಡು ಅಂಟಿಕೊಂಡು ಗುಂಯ್‌ಗುಟ್ಟಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಅಡವಿಯಪ್ಪನನ್ನು ನೋಡಿದರೆ ಸಂಕಟವೂ ಆಗುತ್ತಿತ್ತು. ಅಣ್ಣಾ ಅನ್ನಿಸಿಕೊಂಡು ತಿಂಗಳುಗಳೇ ಆಗಿದ್ದವು ಅವನಿಗೆ.

ಒಂದು ಬೆಳಗ್ಗೆ ಬಯ್ಯಲೆಂದೇ ಹೋಗಿ ಶೆಡ್ಡಿನೊಳಗೆ ಕೂತಿದ್ದೆ. ರಾಡು ಅಂಟಿತು. ನಾಗೇಶ ಎಳೆದ. ಮತ್ತೆ ತಗಲಿಸಿದ, ಮತ್ತೆ ಅಂಟಿತು. ಅಡವಿಯಪ್ಪ ಎದ್ದು ಒಳಗೆ ಬಂದವನೇ ಹಿಂದಿನಿಂದ ತಮ್ಮನ ಮುಂಗೈ ಹಿಡಿದುಕೊಂಡ.

"ಎಳೀಬೇಡ ಕಣ್ಲಾ, ತಿರುಚು. ಬೆಂಕಿಕಡ್ಡಿ ಗೀಚ್ದಂಗೆ ತಗಲ್ಸು."

"ಇದು ನನ್ ಪಾಲು. ನೀನ್ ಮುಟ್ಟಂಗಿಲ್ಲ," ಎಂದ ನಾಗೇಶ, ತಿರುಗಿ ನೋಡದೆ.

"ರಾಡು ಮುಟ್ಟಿಲ್ಲ ನಾನು. ನಿನ್ ಕೈ ಮುಟ್ಟಿದೀನಿ. ಕೈ ಯಾವ್ ಗುಡ್ಡೇಲೂ ಇರ್ಲಿಲ್ಲ."

ನಾಗೇಶ ಕೈ ಬಿಡಿಸಿಕೊಳ್ಳಲಿಲ್ಲ. ಎರಡು ಕೈಯಲ್ಲಿ ಒಂದು ರಾಡು ಗೀಚಿತು, ಉರಿಯಿತು, ಒಂದು ಗೇಣು ದೂರ ನಡೆಯಿತು. ನನ್ನ ಕಣ್ಣಲ್ಲಿ ನೀರು ಬಂತು. ಬೆಳಕಿಗೆ ಎನ್ನೋಣ.

ಆಮೇಲೆ ಅಡವಿಯಪ್ಪ ನೀರು ಕುಡಿಯಲು ಹೋದಾಗ, ಬಾರದ ಕೆಲಸ ಯಾಕೆ ಆರಿಸಿಕೊಂಡೆ ಎಂದು ನಾಗೇಶನನ್ನು ದಬಾಯಿಸಿದೆ.

"ಮಿಗ್ ತಗೊಂಡಿದ್ರೆ ಅಣ್ಣನಿಗೆ ನನ್ ತಂಟೆಗೆ ಬರೋ ಕೆಲಸಾನೇ ಇರ್ತಿರ್ಲಿಲ್ಲ ಶಶಿರೇಖಕ್ಕ. ಕೆಟ್ಟ ವೆಲ್ಡಿಂಗ್ ನೋಡ್ಕೊಂಡು ಅವನು ಸುಮ್ನೆ ಕೂರಲ್ಲ. ಇಷ್ಟ್ ದಿನ ಕೂರ್ತಾನೆ ಅಂತ ಗೊತ್ತಿರ್ಲಿಲ್ಲ."

ಪಾಲು ಇಂದಿಗೂ ಹಾಗೇ ಇದೆ. ಬದಲಾಯಿಸಲು ಇಬ್ಬರೂ ಒಪ್ಪುವುದಿಲ್ಲ. ಬೆಳಗ್ಗೆ ಅಣ್ಣ ಬೈಯುತ್ತಾನೆ, ಮಧ್ಯಾಹ್ನ ತಮ್ಮ ಬೈಯುತ್ತಾನೆ, ಒಂದಾಳಿನ ಕೆಲಸಕ್ಕೆ ಇಬ್ಬರು. ಟಿಗ್‌ಗೆ ಪ್ರತಿ ಶುಕ್ರವಾರ ಹೂವು.

ನನ್ನ ಗೇಟು ಅಂತೂ ನಿಂತಿತು. ಗುಬ್ಬಿಯಲ್ಲಿ ಅದಕ್ಕಿಂತ ವಿಕಾರವಾದ ಗೇಟು ಇರಲಾರದು. ಮೊನ್ನೆ ಅಡವಿಯಪ್ಪ ಅದನ್ನು ದಾಟಿ ಒಳಗೆ ಬರುವಾಗ ನಿಂತ. ಅಭ್ಯಾಸದಂತೆ ಚೌಕಟ್ಟಿನ ಅಡಿಗೆ ಕೈ ಹಾಕಿ, ನಾಗೇಶನ ರಾಡು ಬಿಟ್ಟುಹೋದ ಗಂಟುಗಳನ್ನು ಒಂದೊಂದಾಗಿ ಸವರಿದ. ನಾನು ಬೈಗುಳಕ್ಕೆ ಕಾದೆ.

"ಚೆನ್ನಾಗ್ ಬಂದೈತೆ," ಎಂದ.