ಬಂದರಿನ ಬೆಂಚಿನ ಮೇಲೆ ಬುನಿ ಸೇದಿದ ಸಿಗರೇಟು

ಮೊಕ್ಪೋ ಬಂದರಿನಿಂದ ಗುಡ್ಡದ ಕಡೆಗೆ ಏರುವ ಬೀದಿಯಲ್ಲಿ ಬುನಿಯ ಪಾರ್ಲರ್ ಇತ್ತು. ಅಲ್ಲಿ ಕೂದಲು ಗುಂಗುರು ಮಾಡಿಸಿಕೊಳ್ಳಲು ಬರುತ್ತಿದ್ದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಕೂದಲಿನ ಚಿಂತೆಯೇ ಇರಲಿಲ್ಲ. ಅವರು ಬರುತ್ತಿದ್ದುದು ಪರದೆಯ ಆಚೆಗಿದ್ದ ಹಿಂದಿನ ಕೋಣೆಗೆ, ಒಂದು ಸಿಗರೇಟು ಸೇದಲು. ಗುಂಗುರು ಮಾಡುವ ಮದ್ದಿನ ಘಾಟು ಎಂಥದ್ದೆಂದರೆ, ಅದರ ಕೆಳಗೆ ಎಷ್ಟು ಹೊಗೆಯಾದರೂ ಅಡಗಿಹೋಗುತ್ತಿತ್ತು. ಮನೆಯಲ್ಲಿ ಅತ್ತೆ ಮೂಗರಳಿಸಿದರೆ "ಪಾರ್ಲರಿಗೆ ಹೋಗಿದ್ದೆ" ಎಂದರೆ ಮುಗಿಯಿತು.

ನಾನೂ ಅವರಲ್ಲೊಬ್ಬಳು. ಅದೇ ಬೀದಿಯ ತುದಿಯ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದೆ. ನಾಮ್ ಟೀಚರ್ ಸಿಗರೇಟು ಸೇದುತ್ತಾಳೆ ಎಂದು ಒಬ್ಬರ ಕಿವಿಗೆ ಬಿದ್ದಿದ್ದರೂ ನನ್ನ ಕೆಲಸ ಹೋಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಮಾನವಂತೂ ಹೋಗುತ್ತಿತ್ತು. ಆ ವರ್ಷಗಳಲ್ಲಿ ನನ್ನ ಕೂದಲಿಗೆ ಎಷ್ಟು ಸಲ ಮದ್ದು ಹಾಕಿಸಿಕೊಂಡಿದ್ದೆನೆಂದರೆ, ಬಾಚಿದರೆ ಒಣಹುಲ್ಲಿನ ಹಾಗೆ ಮುರಿಯುತ್ತಿತ್ತು.

ಬುನಿ ನನಗಿಂತ ಏಳು ವರ್ಷ ದೊಡ್ಡವಳು. ಅಕ್ಕ ಎಂದೇ ಕರೆಯುತ್ತಿದ್ದೆ. ಅವಳು ಹುಟ್ಟಿದ್ದು ಬಂದರಿನಿಂದ ಮೂರು ಗಂಟೆ ದೂರದ ಒಂದು ದ್ವೀಪದಲ್ಲಿ. ಅವಳಿಗೆ ಹೊಗೆ ಕಲಿಸಿದ್ದು ಅವಳ ಅಜ್ಜಿ. ಹನ್ನೊಂದನೇ ವಯಸ್ಸಿನಲ್ಲಿ ಹೊಟ್ಟೆಹುಳದ ನೋವಿನಿಂದ ಉರುಳಾಡುತ್ತಿದ್ದಾಗ, ಅಜ್ಜಿ ತನ್ನ ಉದ್ದ ಕೊಳವೆಯ ಚಿಲುಮೆಯನ್ನು ಅವಳ ಬಾಯಿಗಿಟ್ಟು, "ಎಳಿ ಮಗಾ, ಹುಳ ಸಾಯ್ತವೆ" ಎಂದಿದ್ದಳಂತೆ. ಹುಳ ಸತ್ತವೋ ಏನೋ, ಚಟ ಉಳಿಯಿತು. ಅಜ್ಜಿ ಜಗಲಿಯ ಮೇಲೆ ಕೂತು ಊರೆಲ್ಲ ನೋಡುವಂತೆ ಸೇದುತ್ತಿದ್ದಳು. ಮುದುಕಿಯನ್ನು ಯಾರೂ ಕೇಳುತ್ತಿರಲಿಲ್ಲ. ಬುನಿ ಮದುವೆಯಾಗಿ ಮೊಕ್ಪೋಗೆ ಬಂದ ಮೇಲೆ ಗಂಡ ದೋಸಿಕ್ ಒಂದೇ ಮಾತು ಹೇಳಿದ್ದ: "ಮನೆ ಒಳಗೆ ಏನಾದ್ರೂ ಮಾಡ್ಕೋ. ಬೀದೀಲಿ ಮಾತ್ರ ಬೇಡ." ಅವನು ಹಡಗಿನ ಎಂಜಿನ್ ಮೆಕ್ಯಾನಿಕ್, ಒಳ್ಳೆಯ ಮನುಷ್ಯ. ಬುನಿ ಇಪ್ಪತ್ತು ವರ್ಷ ಆ ಮಾತನ್ನು ಮೀರಲಿಲ್ಲ.

ಮೀರಿದ್ದು ಎಂಬತ್ತೆಂಟರ ಶರತ್ಕಾಲದಲ್ಲಿ. ದ್ವೀಪದಲ್ಲಿ ಅವಳ ತಾಯಿ ತೀರಿಕೊಂಡರು. ದೋಸಿಕ್ ಸಮುದ್ರದ ಮೇಲಿದ್ದ. ನನಗೆ ರಜೆಯಿತ್ತು, ಜೊತೆಗೆ ಹೋದೆ. ಮಣ್ಣು ಮಾಡಿ, ಮೂರನೆಯ ದಿನ ಮಧ್ಯಾಹ್ನದ ದೋಣಿಯಲ್ಲಿ ಮರಳಿ ಬಂದೆವು. ಮೊಕ್ಪೋದಲ್ಲಿ ಇಳಿದ ಮೇಲೆ ಬುನಿಯ ಕಾಲು ಮುಂದೆ ಹೋಗಲಿಲ್ಲ.

"ಟೀಚರ್, ಒಂಚೂರು ಕೂತ್ಕೊಳ್ಳೋಣ."

ಬಂದರಿನ ಹಾಲ್‌ನಲ್ಲಿ ಕಿಕ್ಕಿರಿದ ಜನ. ಬೆಂಚು ಬೆಂಚಿನ ಮೇಲೂ ಗಂಡಸರು ಸೇದುತ್ತಿದ್ದರು, ಚಾವಣಿಯ ಕೆಳಗೆ ಹೊಗೆ ಮೋಡದಂತೆ ನಿಂತಿತ್ತು. ಬುನಿ ಕೂದಲಿಗೆ ಸಿಕ್ಕಿಸಿದ್ದ ಸೂತಕದ ಬಿಳಿ ರಿಬ್ಬನ್ನನ್ನು ಒಮ್ಮೆ ಮುಟ್ಟಿಕೊಂಡಳು. ಆಮೇಲೆ ಚೀಲದಿಂದ ಸಿಗರೇಟು ತೆಗೆದು ಹಚ್ಚಿಬಿಟ್ಟಳು. ಅವಳಿಗೆ ತಾನು ಎಲ್ಲಿದ್ದೇನೆ ಎಂಬುದರ ಅರಿವಿತ್ತೆಂದು ನನಗನ್ನಿಸಲಿಲ್ಲ.

ಟೋಪಿ ಹಾಕಿದ್ದ, ಅರವತ್ತರ ಆಸುಪಾಸಿನ ಒಬ್ಬಾತ ನೇರವಾಗಿ ನಮ್ಮ ಕಡೆ ಬಂದ. ಅವನ ಬೆರಳ ಸಂದಿಯಲ್ಲೂ ಸಿಗರೇಟು ಉರಿಯುತ್ತಿತ್ತು. ಬಂದವನೇ ಬುನಿಯ ಕೆನ್ನೆಗೆ ಬಾರಿಸಿದ. ಅವಳ ಸಿಗರೇಟು ನೆಲಕ್ಕೆ ಹಾರಿತು.

"ಗಂಡಸರ ಎದುರಿಗೆ ಕೂತು ಹೊಗೆ ಬಿಡ್ತೀಯಾ? ಎಂಥಾ ಮನೆಯಿಂದ ಬಂದೋಳೇ ನೀನು?"

"ಸರಿಯಾಗಿ ಕೊಟ್ರು" ಎಂದು ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು. ಟಿಕೆಟ್ ಸಾಲಿನಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳ ಅಪ್ಪ ನಿಂತಿದ್ದ, ಕತ್ತು ತಿರುಗಿಸಿ ನೋಡುತ್ತಿದ್ದ. ನಾನು ಎದ್ದೆ. ನಾಲ್ಕು ಹೆಜ್ಜೆ ಸರಿದು, ದೋಣಿಗಳ ವೇಳಾಪಟ್ಟಿಯ ಹಲಗೆಯ ಮುಂದೆ ನಿಂತು ಓದುವವಳ ಹಾಗೆ ನಟಿಸಿದೆ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ, ಆದರೆ ನಡೆದದ್ದು ಹಾಗೆಯೇ.

ಬುನಿ ತಲೆಯೆತ್ತಿ ಅವನನ್ನು ನೋಡಿದಳು. "ಸಾವಿನ ಮನೆಯಿಂದ ಬಂದೋಳು ಸ್ವಾಮಿ" ಎಂದಳು. ಬಗ್ಗಿ, ಇನ್ನೂ ಉರಿಯುತ್ತಿದ್ದ ಸಿಗರೇಟನ್ನು ಎತ್ತಿಕೊಂಡು ಮತ್ತೆ ಬಾಯಿಗಿಟ್ಟಳು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆತ ಮತ್ತೆ ಕೈಯೆತ್ತಿದ.

ಅಷ್ಟರಲ್ಲಿ ಎದುರಿನ ಬೆಂಚಿನಿಂದ ಒಬ್ಬ ಮುದುಕಿ ಒಣಮೀನಿನ ಗಂಟನ್ನು ಎಳೆದುಕೊಂಡು ಬಂದು ಬುನಿಯ ಪಕ್ಕದಲ್ಲಿ ಕುಕ್ಕರಿಸಿದಳು. ಸೊಂಟದ ಚೀಲದಿಂದ ಒಂದು ಸಿಗರೇಟು ತೆಗೆದಳು.

"ಒಂಚೂರು ಬೆಂಕಿ ಕೊಡಮ್ಮಾ. ಅದರಿಂದಲೇ ಕೊಡು, ಕಡ್ಡಿ ಯಾಕೆ ದಂಡ?"

"ಅಜ್ಜಿ, ನೀವು ಇದರ ಮಧ್ಯೆ ಬರಬೇಡಿ" ಎಂದ ಆತ.

"ನಾನೆಲ್ಲಿ ಬಂದೆ ಮಗಾ? ಬೆಂಕಿ ಕೇಳ್ದೆ ಅಷ್ಟೆ. ನಂಗೂ ಹೊಡೀತೀಯಾ? ಎಂಬತ್ಮೂರು ನಂಗೆ. ಕೆನ್ನೇಲಿ ಮಾಂಸ ಇಲ್ಲ, ಬರೀ ಮೂಳೆ. ನಿನ್ನ ಕೈಗೇ ಪೆಟ್ಟಾದೀತು, ನೋಡ್ಕೋ."

ಯಾರೋ ನಕ್ಕರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಆತ ಟೋಪಿ ಸರಿಪಡಿಸಿಕೊಂಡು, "ದೇಶ ಹಾಳಾಗೋಯ್ತು" ಎನ್ನುತ್ತ ಹೊರಟುಹೋದ. ಮುದುಕಿ ಮತ್ತು ಬುನಿ ಭುಜಕ್ಕೆ ಭುಜ ತಾಗಿಸಿ ಕೂತು ತಮ್ಮ ತಮ್ಮ ಸಿಗರೇಟು ಮುಗಿಸಿದರು.

ಸುದ್ದಿ ನಮಗಿಂತ ಮೊದಲೇ ಬೀದಿ ಹತ್ತಿತ್ತು. ದೋಸಿಕ್ ಊರಿಗೆ ಬಂದವನು ಕೇಳಿದ ಮೊದಲ ಮಾತು, "ಹೊರಗೆ ಯಾಕೆ ಸೇದ್ದೆ?" ನೋವಾಯಿತಾ ಎಂದು ಅವನು ಕೇಳಲಿಲ್ಲ. ಮಗಳು ಮಿರಾನ್‌ಗೆ ಆಗ ಹದಿನಾಲ್ಕು. ಶಾಲೆಯ ಹುಡುಗಿಯರು ಅವಳನ್ನು ಕಂಡಾಗಲೆಲ್ಲ ಎರಡು ಬೆರಳು ತುಟಿಗಿಟ್ಟು ಊದಿ ತೋರಿಸುತ್ತಿದ್ದರು. ಗಂಡಂದಿರು ಹೆಂಡತಿಯರಿಗೆ ಆ ಪಾರ್ಲರಿನ ಮೆಟ್ಟಿಲು ಹತ್ತಬೇಡಿ ಎಂದರು. ಹಿಂದಿನ ಕೋಣೆ ಖಾಲಿಯಾಯಿತು.

ನಾನೂ ಎರಡು ತಿಂಗಳು ಹೋಗಲಿಲ್ಲ. ಹೋದ ದಿನ ಬುನಿ ಕನ್ನಡಿಯಲ್ಲಿ ನನ್ನನ್ನು ನೋಡಿ, "ಕೂದಲು ನೆಟ್ಟಗಾಗಿಬಿಟ್ಟಿದೆಯಲ್ಲ ಟೀಚರ್" ಎಂದಳು, ಏನೂ ಆಗಿಲ್ಲವೆಂಬಂತೆ.

"ಅಕ್ಕಾ, ಅವತ್ತು ನಾನು ಪಕ್ಕಕ್ಕೆ ಸರಿದೆ."

"ನೋಡಿದೆ."

"ಬೈದುಬಿಡಿ ನನ್ನ."

"ಬೈದ್ರೆ ನಿಮಗೆ ಹಗುರ ಆಗುತ್ತೆ. ಅದಕ್ಕೇ ಬೈಯಲ್ಲ" ಎಂದು ನನ್ನ ಕೂದಲನ್ನು ಸುರುಳಿಗೆ ಸುತ್ತತೊಡಗಿದಳು. ಅಂದು ಸ್ವಲ್ಪ ಬಿಗಿಯಾಗಿಯೇ ಸುತ್ತಿದಳು.

ಆಮೇಲೆ ಅವಳು ಹಿಂದಿನ ಕೋಣೆಯಲ್ಲಿ ಸೇದುವುದನ್ನು ಬಿಟ್ಟಳು. ಬಾಗಿಲ ಮುಂದೆ ಒಂದು ಸ್ಟೂಲ್ ಹಾಕಿಕೊಂಡು, ಹಗಲಲ್ಲೇ, ದಿನಕ್ಕೆ ಒಂದು. ಎದುರಿನ ಅಕ್ಕಿ ಅಂಗಡಿಯವನು ಬೇಕೆಂದೇ ಆ ಹೊತ್ತಿಗೆ ನೀರೆರಚಿ ಬೀದಿ ಗುಡಿಸುತ್ತಿದ್ದ. ಹಳೆಯ ಗಿರಾಕಿಗಳು ಕಡಿಮೆಯಾದರೂ ಮೀನು ಮಾರುಕಟ್ಟೆಯ ಹೆಂಗಸರು ಬರತೊಡಗಿದರು. ಅವರಿಗೆ ಯಾರ ಹೆದರಿಕೆಯೂ ಇರಲಿಲ್ಲ. ಪಾರ್ಲರ್ ಉಳಿಯಿತು.

ಇಲ್ಲಿಗೇ ನಿಲ್ಲಿಸಿದರೆ ಬುನಿಯ ಕಥೆ ಚೆನ್ನಾಗಿರುತ್ತದೆ. ಆದರೆ ಅವಳೇ ನನಗೆ ಉಳಿದದ್ದನ್ನೂ ಹೇಳಿ ಎಂದಿದ್ದಾಳೆ.

ಏಳು ವರ್ಷಗಳ ನಂತರ, ಗ್ವಾಂಗ್ಜು ನಗರದಲ್ಲಿ ಓದುತ್ತಿದ್ದ ಮಿರಾನ್ ಸುಗ್ಗಿಹಬ್ಬಕ್ಕೆ ಮನೆಗೆ ಬಂದಿದ್ದಳು. ಬೆಳಿಗ್ಗೆ ಬುನಿ ದೊಡ್ಡ ಜಾಡಿಗಳಲ್ಲಿ ಹುದುಗಿಸಿಟ್ಟಿದ್ದ ಸೋಯಾ ಗೊಜ್ಜು ತರಲು ತಾರಸಿಗೆ ಹೋದರೆ, ಆ ಜಾಡಿಗಳ ಹಿಂದೆ ಮಗಳು ಕುಕ್ಕರಗಾಲಿನಲ್ಲಿ ಕೂತು ಸೇದುತ್ತಿದ್ದಾಳೆ. ಬುನಿಯ ಕೈ ತಾನಾಗಿಯೇ ಎದ್ದಿತು. ಹೊಡೆದಳು.

"ನಾಲ್ಕು ಜನ ನೋಡಿದ್ರೆ ಎಂಥಾ ಮನೆಯಿಂದ ಬಂದೋಳು ಅಂತಾರೆ!"

ಮಿರಾನ್ ಕೆನ್ನೆ ಹಿಡಿದುಕೊಂಡು ಎದ್ದು ನಿಂತಳು. "ಅಮ್ಮಾ, ಆ ಮಾತು ನಿನ್ನದಲ್ಲ" ಎಂದಷ್ಟೇ ಹೇಳಿ, ಹಬ್ಬದ ಊಟವನ್ನೂ ಮಾಡದೆ ಬಸ್ಸು ಹತ್ತಿದಳು.

ಬುನಿ ಏಪ್ರನ್ ಕೂಡ ಬಿಚ್ಚದೆ ನಮ್ಮ ಮನೆಗೆ ಬಂದಳು. ತನ್ನ ಬಲಗೈಯನ್ನು ತೊಡೆಯ ಮೇಲೆ ಬೇರೆ ಯಾರದ್ದೋ ಎಂಬಂತೆ ಇಟ್ಟುಕೊಂಡಿದ್ದಳು.

"ಸೇದಿದ್ದಕ್ಕೆ ಕೋಪ ಬಂತಾ ಅಕ್ಕಾ?"

"ಕೋಪ ಅಲ್ಲ ಟೀಚರ್. ಎಲ್ಲೋ ಯಾವನೋ ಒಬ್ಬ ಇವಳಿಗೆ ಹೊಡೀತಾನೆ ಅನ್ನಿಸ್ಬಿಡ್ತು. ಅವನಿಗಿಂತ ಮೊದಲು ನಾನೇ ಹೊಡೆದೆ." ಆ ಕೈಯನ್ನೇ ನೋಡುತ್ತ, "ಹಾಗೆ ಹೊಡೆಯೋನಿಗೆ ಅವಳು ಯಾರೋ. ನನಗೆ ಮಗಳು. ಯಾರದ್ದು ಹೆಚ್ಚು ತಪ್ಪು?" ಎಂದಳು.

ಮುಂದಿನ ಸೋಮವಾರ ಪಾರ್ಲರ್ ಮುಚ್ಚಿ, ಕಿಮ್ಚಿ, ಹುರಿದ ಮೀನು ಕಟ್ಟಿಕೊಂಡು ಗ್ವಾಂಗ್ಜುವಿಗೆ ಹೋದಳು. ಮಿರಾನ್ ಬಾಗಿಲಲ್ಲೇ ಡಬ್ಬಿ ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ಅದರ ಮುಂದಿನ ಸೋಮವಾರವೂ ಅಷ್ಟೆ. ಮೂರನೆಯ ಸಲ ಬುನಿ ಬಾಗಿಲಲ್ಲೇ ನಿಂತು ಹೇಳಿದಳಂತೆ: "ಸೇದಬೇಡ ಅಂತ ಈಗಲೂ ಹೇಳ್ತೀನಿ, ಎದೆಗೆ ಒಳ್ಳೇದಲ್ಲ. ಆದ್ರೆ ನಾನು ಹೊಡೆದಿದ್ದು ಅದಕ್ಕಲ್ಲ. ಹೆದರಿ ಹೊಡೆದೆ. ತಪ್ಪು ನಂದು." ಮಗಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. ಒಳಗೆ ಏನು ಮಾತಾಯಿತೆಂದು ಬುನಿ ನನಗೆ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಮಿರಾನ್ ಮೂವತ್ತೈದಕ್ಕೆ ತಾನಾಗಿ ಬಿಟ್ಟಳು. ಬುನಿ ಅರವತ್ತಾರಕ್ಕೆ, ಕೆಮ್ಮು ಹೆಚ್ಚಾಗಿ ವೈದ್ಯರು ಗದರಿಸಿದ ಮೇಲೆ. ಬಿಟ್ಟ ಮೇಲೆ ಒಮ್ಮೆ ನನ್ನೊಡನೆ ನಡೆಯುತ್ತ ನಕ್ಕಿದ್ದಳು: "ಈಗ ನಡುಬೀದೀಲಿ ಸೇದಿದ್ರೂ ಯಾರೂ ಏನೂ ಅನ್ನಲ್ಲ ನೋಡಿ. ನಾನು ಹೆಂಗಸು ಅನ್ನೋದನ್ನೇ ಎಲ್ರೂ ಮರೆತಿದಾರೆ." ನನಗೆ ನಗು ಬರಲಿಲ್ಲ.

ಕಳೆದ ವಸಂತದಲ್ಲಿ ಅವಳು ಪಾರ್ಲರ್ ಮುಚ್ಚಿ ಮಗಳ ಮನೆಯ ಹತ್ತಿರ ಹೋಗಿ ನೆಲೆಸಿದಳು. ಸಾಮಾನು ಒಯ್ಯಲು ಮಿರಾನ್ ತಾನೇ ವ್ಯಾನ್ ಓಡಿಸಿಕೊಂಡು ಬಂದಿದ್ದಳು. ಬುನಿ ಮುಂದಿನ ಸೀಟಿನಲ್ಲಿ ಕೂತು, ಗಾಡಿ ಹೊರಡುವ ಮೊದಲೇ ನಿಧಾನ, ನಿಧಾನ ಎಂದು ಮಗಳನ್ನು ಗದರಲು ಶುರುಮಾಡಿದಳು.